ಸ್ವಲೀನತೆಯುಳ್ಳವರ ವೃತ್ತಿಶಿಕ್ಷಣ: ಒಂದು ಚಾರಿತ್ರಿಕ ಅವಲೋಕನ

ಕರ್ನಾಟಕದ ಶಿಕ್ಷಣ ಚರಿತ್ರೆಯು ಬಹುಮಟ್ಟಿಗೆ ಅಕ್ಷರ, ಪಠ್ಯ ಮತ್ತು ಪರೀಕ್ಷೆಗಳ ಚರಿತ್ರೆಯಾಗಿ ರಚನೆಗೊಂಡಿದೆ. ಪರೀಕ್ಷೆಯ ಅಳತೆಗೆ ಸಿಗದ ಮಕ್ಕಳು ಏನನ್ನು ಕಲಿತರು, ಕಲಿತು ಎಲ್ಲಿ ಸೇರಿದರು ಎಂಬ ಪ್ರಶ್ನೆಗೆ ಅದರಲ್ಲಿ ದೊರೆತಿರುವ ಸ್ಥಳ ಅಲ್ಪ. ಸ್ವಲೀನತೆ, ಅಂದರೆ ಆಟಿಸಂ, ಉಳ್ಳ ವಿದ್ಯಾರ್ಥಿಗಳು ಈ ವರ್ಗಕ್ಕೆ ಸೇರಿದವರು. ಮಾತು, ಒಡನಾಟ ಹಾಗೂ ಇಂದ್ರಿಯಾನುಭವಗಳಲ್ಲಿ ಬಾಲ್ಯದಿಂದಲೇ ಕಂಡುಬರುವ ಬೆಳವಣಿಗೆಯ ಭಿನ್ನತೆಯಿದು. ಇಂಥವರಿಗೆ ಕೆಲಸ ಕಲಿಸುವ ಪ್ರಯತ್ನಗಳು ಹೇಗೆ ರೂಪುಗೊಂಡವು, ಶಿರಸಿ ತಾಲ್ಲೂಕಿನ ಮತ್ತಿಘಟ್ಟದಂತಹ ಅಡಿಕೆ ತೋಟಗಳ ಊರಿಗೆ ಆ ಚರಿತ್ರೆಯಿಂದ ದೊರೆಯುವುದೇನು ಎಂಬುದರ ಪರಿಶೀಲನೆಯೇ ಪ್ರಸ್ತುತ ಲೇಖನದ ಉದ್ದೇಶ.

1943ರಲ್ಲಿ ಅಮೆರಿಕದ ವೈದ್ಯ ಲಿಯೋ ಕ್ಯಾನರ್ 11 ಮಕ್ಕಳನ್ನು ಕುರಿತು ಬರೆದ ಪ್ರಬಂಧದಿಂದ ಈ ಸ್ಥಿತಿಗೆ ಪ್ರತ್ಯೇಕ ಮನ್ನಣೆ ದೊರೆಯಿತು. ಆ ಮಕ್ಕಳಲ್ಲಿ ಮೊದಲನೆಯವನಾದ ಡೊನಾಲ್ಡ್ ಟ್ರಿಪ್ಲೆಟ್‌ನನ್ನು ಹೆತ್ತವರು ಕೆಲವು ವರ್ಷ ರೈತ ದಂಪತಿಗಳ ಮನೆಯಲ್ಲಿ ಇರಿಸಿದ್ದರು. ಅಲ್ಲಿ ನಡೆದುದನ್ನು ಕ್ಯಾನರ್ 1971ರ ವರದಿಯಲ್ಲಿ ದಾಖಲಿಸಿದ್ದಾರೆ. ಅಳೆಯುವುದರಲ್ಲೇ ಮುಳುಗಿರುತ್ತಿದ್ದ ಹುಡುಗನಿಗೆ ಆ ದಂಪತಿಗಳು ಬಾವಿ ತೋಡಿ ಅದರ ಆಳ ಹೇಳುವ ಕೆಲಸ ಕೊಟ್ಟರು; ಮೆಕ್ಕೆಜೋಳದ ಸಾಲುಗಳನ್ನು ಎಣಿಸುತ್ತಲೇ ಇದ್ದವನಿಗೆ, ಉಳುತ್ತಾ ಎಣಿಸಲು ಅವಕಾಶ ಕಲ್ಪಿಸಿದರು. ಆತ ಮುಂದೆ ಪದವಿ ಪಡೆದು ಊರಿನ ಬ್ಯಾಂಕಿನಲ್ಲಿ ದೀರ್ಘಕಾಲ ದುಡಿದು 2023ರಲ್ಲಿ ನಿಧನರಾದರು. ಅನುಕೂಲಸ್ಥ ಮನೆತನದ ಆಸರೆ ಅವರಿಗಿತ್ತೆಂಬುದನ್ನೂ ಮರೆಯುವಂತಿಲ್ಲ. ಆದರೂ ತಜ್ಞರ ತರಬೇತಿ ಪದ್ಧತಿಗಳು ರೂಪುಗೊಳ್ಳುವ ಮೊದಲೇ, ಮಗುವಿನ ಒಲವನ್ನು ಅದುಮದೆ ಕೆಲಸದ ಕಡೆಗೆ ತಿರುಗಿಸುವ ಮಾರ್ಗ ಒಂದು ಹೊಲದಲ್ಲಿ ಸಿದ್ಧವಾಗಿತ್ತೆಂಬುದು ಗಮನಾರ್ಹ.

ಕರ್ನಾಟಕದಲ್ಲಿ ಈ ಕ್ಷೇತ್ರದ ಬುನಾದಿ ವೈದ್ಯಕೀಯ ಸಂಸ್ಥೆಗಳಿಂದ ಬಂತು. 1954ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು 1974ರಲ್ಲಿ ನಿಮ್ಹಾನ್ಸ್ ಆಗಿ ಪುನಾರಚನೆಗೊಂಡಿತು. 1960ರ ದಶಕದಲ್ಲಿ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ತಲೆಯೆತ್ತಿತು. ಆದರೆ ಬಹುಕಾಲ ಸ್ವಲೀನ ಮಕ್ಕಳನ್ನು ‘ಬುದ್ಧಿಮಾಂದ್ಯ’ರೆಂಬ ಒಂದೇ ಹೆಸರಿನಡಿ ಗಣಿಸಲಾಗುತ್ತಿತ್ತು. ಅವರಿಗೆ ದೊರೆತ ವೃತ್ತಿಶಿಕ್ಷಣವೂ ಅದೇ ವರ್ಗದ್ದು: ಮೇಣದಬತ್ತಿ, ಕಾಗದದ ಲಕೋಟೆ, ಚಾಪೆ ಮುಂತಾದ ಕೈಗೆಲಸ. ಕೈಗೆ ಕೆಲಸ ಸಿಕ್ಕಿತು. ಸಹೋದ್ಯೋಗಿಯೊಡನೆ ವ್ಯವಹರಿಸುವ ಬಗೆ ಪಾಠವಾಗಲಿಲ್ಲ. 1990ರ ದಶಕದಲ್ಲಿ ಸ್ವಲೀನತೆಗೆಂದೇ ಬೆಂಗಳೂರಿನಲ್ಲಿ ಸ್ಥಾಪನೆಯಾದ ‘ಆಶಾ’ ಸಂಸ್ಥೆ ಹಾಗೂ 2000ದಲ್ಲಿ ಪ್ರತಿಭಾ ಕಾರಂತ ಅವರು ಪುಟ್ಟ ಮಕ್ಕಳ ಮಾತು-ಸಂವಹನಕ್ಕಾಗಿ ಆರಂಭಿಸಿದ ‘ಕಾಮ್ ಡೀಲ್’ ಕಾರ್ಯಕ್ರಮಗಳು ಈ ದೃಷ್ಟಿಯಿಂದ ಹೊಸ ಘಟ್ಟವನ್ನು ಸೂಚಿಸುತ್ತವೆ.

ಶಾಸನಗಳ ನಡೆ ಇದಕ್ಕಿಂತ ನಿಧಾನ. 1995ರ ಅಂಗವಿಕಲರ ಅಧಿನಿಯಮವು ಗುರುತಿಸಿದ ಏಳು ವರ್ಗಗಳಲ್ಲಿ ಸ್ವಲೀನತೆ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಅಧಿನಿಯಮವು ಅದನ್ನು ಹೆಸರಿಸಿ, ಸಂವಹನ ಮತ್ತು ಸಾಮಾಜಿಕ ಸಾಮರ್ಥ್ಯಗಳನ್ನು ಬಾಧಿಸುವ ಅಸಮ ಕೌಶಲ ಬೆಳವಣಿಗೆಯೆಂದು ನಿರೂಪಿಸಿತು. ಕುಶಲತೆ ಇಲ್ಲವೆಂದಲ್ಲ, ಅದು ಸಮನಾಗಿ ಹರಡಿಲ್ಲವೆಂಬುದೇ ಈ ನಿರೂಪಣೆಯ ತಿರುಳು. 2016ರ ಅಧಿನಿಯಮವು ಅಂಗವೈಕಲ್ಯಗಳ ಸಂಖ್ಯೆಯನ್ನು 21ಕ್ಕೆ ಏರಿಸಿ, ಸರ್ಕಾರಿ ನೌಕರಿಯ ಶೇ. 4 ಮೀಸಲಾತಿಯಲ್ಲಿ ಶೇ. 1ನ್ನು ಸ್ವಲೀನತೆಯೂ ಸೇರಿದ ಗುಂಪಿಗೆ ಒದಗಿಸಿತು. ಖಾಸಗಿ ವಲಯದಲ್ಲಿ ಸ್ಯಾಪ್ ಕಂಪನಿಯು 2013ರಲ್ಲಿ ಘೋಷಿಸಿದ ನೇಮಕಾತಿ ಕಾರ್ಯಕ್ರಮದ ಆರಂಭಿಕ ಪ್ರಯೋಗ ಬೆಂಗಳೂರಿನಲ್ಲೇ ನಡೆದಿತ್ತು. ಅಲ್ಲಿ ಸ್ವಲೀನತೆಯುಳ್ಳವರು ತಂತ್ರಾಂಶ ಪರೀಕ್ಷಕರಾಗಿ ನೇಮಕಗೊಂಡರು.

ಈ ಬೆಳವಣಿಗೆಗಳು ಬಹುಪಾಲು ನಗರಕೇಂದ್ರಿತವೆಂಬುದು ಸ್ಪಷ್ಟ. ಮತ್ತಿಘಟ್ಟದಿಂದ ಬೆಂಗಳೂರು ಸುಮಾರು 400 ಕಿಲೋಮೀಟರ್ ದೂರ. ಶಿರಸಿಯಲ್ಲಿ ಅಜಿತ ಮನೋಚೇತನದಂತಹ ಸಂಸ್ಥೆಯು ವಿಶೇಷ ಶಾಲೆಯನ್ನು ನಡೆಸುತ್ತ ಬಂದಿದೆಯಾದರೂ ಶಾಲೆಯ ವಯಸ್ಸು ಮುಗಿದ ಮೇಲೆ ಯುವಕನು ಮರಳುವುದು ಮನೆಗೆ, ತೋಟಕ್ಕೆ. ಆದುದರಿಂದ ತೋಟವೇ ಅವನ ಎರಡನೆಯ ಶಾಲೆಯಾಗಬಲ್ಲುದೇ ಎಂಬ ಪ್ರಶ್ನೆ ಅನಿವಾರ್ಯವಾಗುತ್ತದೆ.

ಅಡಿಕೆಯ ಕೆಲಸವನ್ನೇ ನಿದರ್ಶನವಾಗಿ ತೆಗೆದುಕೊಳ್ಳಬಹುದು. ವಿಶೇಷ ಶಿಕ್ಷಣದಲ್ಲಿ ಒಂದು ಕೆಲಸವನ್ನು ಸಣ್ಣ ಹಂತಗಳಾಗಿ ಒಡೆದು, ಒಂದು ಕೈವಶವಾದ ಮೇಲಷ್ಟೇ ಮುಂದಿನದನ್ನು ಕಲಿಸುವುದು ರೂಢಿ. ಒಣಗಿದ ಅಡಿಕೆಯನ್ನು ರಾಶಿ, ಬೆಟ್ಟೆ, ಕೆಂಪುಗೋಟು, ಬಿಳೆಗೋಟು, ಕೋಕ ಎಂದು ವಿಂಗಡಿಸುವುದು ಈ ಕ್ರಮಕ್ಕೆ ಸಹಜವಾಗಿ ಒಗ್ಗುತ್ತದೆ. ಮೊದಲು ಕಣ್ಣಿಗೆ ಸ್ಪಷ್ಟವಾಗಿ ಬೇರೆ ಕಾಣುವ ಎರಡು ಬಗೆ, ಎರಡು ಬುಟ್ಟಿ, ಅನಂತರ ಮೂರನೆಯದು. ಬಣ್ಣ, ಗಾತ್ರಗಳ ಸೂಕ್ಷ್ಮ ಭೇದವನ್ನು ಬೇಸರವಿಲ್ಲದೆ ಗುರುತಿಸುವುದು ಸ್ವಲೀನತೆಯುಳ್ಳ ಹಲವರಿಗೆ ಸುಲಭ. ಬುಟ್ಟಿ ತುಂಬಿದಾಗ ಹೇಳುವುದು, ಸಂಶಯ ಬಂದಾಗ ಕೇಳುವುದು, ತನ್ನ ಸರದಿಗೆ ಕಾಯುವುದು, ಸಾಕೆನಿಸಿದಾಗ ಎದ್ದುಹೋಗಲು ಅನುಮತಿ ಪಡೆಯುವುದು ಅವರಿಗೆ ಕಷ್ಟ. ಸಾಮಾಜಿಕ ಕೌಶಲವೆಂದರೆ ಇವೇ. ಪ್ರತ್ಯೇಕ ತರಗತಿಯಲ್ಲಿ ಬಾಯಿಪಾಠ ಮಾಡಿಸುವುದಕ್ಕಿಂತ ಕೆಲಸದ ನಡುವೆ ಚಿತ್ರದ ಚೀಟಿಯ ನೆರವಿನಿಂದ ಇವನ್ನು ಕಲಿಸಿದಾಗ ಸಂದರ್ಭ ಮತ್ತು ನಡವಳಿಕೆ ಒಂದಾಗುತ್ತವೆ.

ಇಲ್ಲಿ ಕೆಲವು ಎಚ್ಚರಗಳು ಅಗತ್ಯ. ಊರವರೆಲ್ಲ ಕೂಡಿ ಮಾತಾಡುತ್ತ ಅಡಿಕೆ ಸುಲಿಯುವ ರಾತ್ರಿಯ ಗದ್ದಲ ಕೆಲವರಿಗೆ ಸಹಿಸಲಾಗದು. ಮೆಟ್ಟುಗತ್ತಿಯ ಅಪಾಯವೂ ಉಂಟು. ಎಲ್ಲರಿಗೂ ತೋಟವೇ ಗತಿ ಎನ್ನುವುದು ನಗರದ ನೌಕರಿಯ ಬಾಗಿಲನ್ನು ಮುಚ್ಚಿದಂತಾದೀತು. ಎಲ್ಲಕ್ಕಿಂತ ಮುಖ್ಯವಾಗಿ, ಮನೆಯವನೆಂಬ ಕಾರಣಕ್ಕೆ ಕೂಲಿಯಿಲ್ಲದೆ ದುಡಿಸಿಕೊಂಡರೆ ಅದು ಶಿಕ್ಷಣವೆನಿಸದು. ವಿಂಗಡಿಸಿದ ಅಡಿಕೆಗೆ ಬೆಲೆ ಬರುವುದಾದರೆ ವಿಂಗಡಿಸಿದವನ ಹೆಸರಿನ ಖಾತೆಗೂ ಹಣ ಬರಬೇಕು.

‘ನಮ್ಮ ತರುವಾಯ ಇವನಿಗೆ ಯಾರು?’ ಎಂಬುದು ಇಂತಹ ಮಕ್ಕಳ ಹೆತ್ತವರನ್ನು ಎಲ್ಲೆಡೆ ಕಾಡುವ ಪ್ರಶ್ನೆ. 1999ರ ಅಧಿನಿಯಮ ಇದಕ್ಕೆ ಕಾನೂನುಬದ್ಧ ಪೋಷಕರ ವ್ಯವಸ್ಥೆಯನ್ನು ಉತ್ತರವಾಗಿ ನೀಡಿತು. ಆದರೆ ಪೋಷಕನೊಬ್ಬನಿಂದಲೇ ಬದುಕು ನಡೆಯದು. ಅವನ ಮೌನವನ್ನು ಅರಿತ, ಅವನ ಕೆಲಸವನ್ನು ಬಲ್ಲ ನಾಲ್ಕು ನೆರೆಮನೆಗಳು ಬೇಕು. ಆ ನೆರೆಹೊರೆಯನ್ನು ರೂಪಿಸುವುದೂ ವೃತ್ತಿಶಿಕ್ಷಣದ ಭಾಗವೆಂದು ಪರಿಗಣಿಸಿದಾಗ ಮಾತ್ರ ಈ ಚರಿತ್ರೆ ಮತ್ತಿಘಟ್ಟದಂತಹ ಊರನ್ನು ತಲುಪಿದಂತಾಗುತ್ತದೆ.