ಕರಾರಿನ ಕಾಗದವೂ ಗುಮ್ಮಟದ ಗಾರೆಯೂ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬುದು ನಮ್ಮ ಹಿರಿಯರ ಮಾತು. ಮದುವೆಯ ವಿಷಯವನ್ನು ಸದ್ಯಕ್ಕೆ ಬದಿಗಿಡೋಣ. ಮನೆ ಕಟ್ಟಿಸಿದ ಮಹನೀಯರೆಲ್ಲರಿಗೂ ಒಂದು ಅನುಭವ ಉಂಟು. ಕೆಲಸಕ್ಕೆ ಕೈಹಾಕುವ ಮುನ್ನ ನಕ್ಷೆ ಸಿದ್ಧವಾಗುತ್ತದೆ, ಅಂದಾಜು ಪಟ್ಟಿ ತಯಾರಾಗುತ್ತದೆ, ಕಂಟ್ರಾಕ್ಟುದಾರರೊಡನೆ ಕರಾರುಪತ್ರವಾಗುತ್ತದೆ. ಗೋಡೆಯ ದಪ್ಪವೆಷ್ಟು, ಗಾರೆಗೆ ಸುಣ್ಣವೆಷ್ಟು ಮರಳೆಷ್ಟು, ಬಾಗಿಲಿಗೆ ತೇಗವೋ ಮತ್ತಿಯೋ, ಎಲ್ಲವನ್ನೂ ಅದರಲ್ಲಿ ಕಾಣಿಸಿರುತ್ತಾರೆ. ಆದರೆ ಪಾಯ ತೋಡುತ್ತಿರುವಾಗ ಗಟ್ಟಿ ನೆಲಕ್ಕೆ ಬದಲಾಗಿ ಮುಚ್ಚಿಹೋದ ಹಳೆಯ ಬಾವಿಯೊಂದು ಕಾಣಿಸಿಕೊಂಡರೆ ಏನು ಮಾಡತಕ್ಕದ್ದೆಂಬುದು ಮಾತ್ರ ಯಾವ ಕಾಗದದಲ್ಲಿಯೂ ಇರುವುದಿಲ್ಲ. ಅಲ್ಲಿಂದ ಮುಂದೆ ಮಾಲೀಕರು ಕರಾರನ್ನು ಒಂದು ಬಗೆಯಾಗಿ ಓದುತ್ತಾರೆ, ಕಂಟ್ರಾಕ್ಟುದಾರರು ಮತ್ತೊಂದು ಬಗೆಯಾಗಿ ಓದುತ್ತಾರೆ. ಅರ್ಧಕ್ಕೆ ನಿಂತ ಗೋಡೆ ಇಬ್ಬರನ್ನೂ ನೋಡುತ್ತ ಮಳೆಯಲ್ಲಿ ನೆನೆಯುತ್ತದೆ.

ಬರಹ ಮೊದಲು, ಕಟ್ಟಡ ಆಮೇಲೆ. ಆದರೆ ಕಟ್ಟಡವು ಏಳುತ್ತ ಏಳುತ್ತ, ಬರೆದವರಿಗೆ ತಿಳಿಯದೆ ಇದ್ದ ಸಂಗತಿಗಳು ಒಂದೊಂದಾಗಿ ಹೊರಬೀಳುತ್ತವೆ. ಆಗ ಬರಹವನ್ನೇ ಹಿಡಿದು ನಿಲ್ಲಬೇಕೆ, ಅಥವಾ ಕೆಲಸಗಾರನ ಬುದ್ಧಿಗೆ ಎಲ್ಲವನ್ನೂ ಒಪ್ಪಿಸಿಬಿಡಬೇಕೆ? ಈ ಪ್ರಶ್ನೆ ನಮ್ಮ ಕಾಲದ್ದಲ್ಲ. ಆರು ನೂರು ವರ್ಷಗಳ ಹಿಂದೆ ಇಟಲಿಯ ಫ್ಲಾರೆನ್ಸ್ ನಗರ ಇದನ್ನು ಎದುರಿಸಿತು. ಆ ನಗರದ ಜನ ಕಂಡುಕೊಂಡ ಉತ್ತರವನ್ನು ಶ್ರೋತೃಗಳ ಮುಂದಿಡಬೇಕೆಂಬುದು ಈ ಭಾಷಣದ ಉದ್ದೇಶ.

ಫ್ಲಾರೆನ್ಸಿನ ಮಹಾ ದೇವಾಲಯದ ಕಟ್ಟಡ ಆರಂಭವಾದದ್ದು 1296ರಲ್ಲಿ. ಕೆಲಸ ಹಲವು ತಲೆಗಳ ಕಾಲ ಸಾಗಿತು. 1367ರಲ್ಲಿ ನೇರಿ ದಿ ಫಿಯೊರವಾಂತಿ ಮೊದಲಾದವರು ಸಿದ್ಧಪಡಿಸಿದ ಮಾದರಿಯೊಂದನ್ನು ನಗರ ಅಂಗೀಕರಿಸಿತು. ದೇವಾಲಯದ ನಡುವೆ ಎಂಟು ಮೂಲೆಯ ಭಾಗವೊಂದು. ಅದರ ಅಗಲ 72 ಬ್ರಾಚೊ. ಅದರ ಮೇಲೆ ಮೊನಚಾಗಿ ಏರುವ ಗುಮ್ಮಟ. ಬ್ರಾಚೊ ಎಂದರೆ ತೋಳು. ನಮ್ಮ ಮೊಳಕ್ಕಿಂತ ಸ್ವಲ್ಪ ದೊಡ್ಡದಾದ ಅಳತೆ, ಎರಡು ಅಡಿಗೆ ಕೊಂಚ ಕಡಿಮೆ. ಹೀಗಾಗಿ 72 ಬ್ರಾಚೊ ಎಂದರೆ ಸುಮಾರು 140 ಅಡಿ. ವಿಜಾಪುರದ ಗೋಲಗುಮ್ಮಟದ ಒಳಗೆ ನಿಂತು ಮೇಲೆ ನೋಡಿದವರಿಗೆ ಈ ಅಗಲದ ಅರ್ಥ ತಾನಾಗಿ ತಿಳಿದೀತು; ಅದರ ಒಳ ವ್ಯಾಸ ಸುಮಾರು 124 ಅಡಿ. ಆ ಮಾದರಿಯಂತೆಯೇ ನಡೆಯುವೆವೆಂದು ಕಟ್ಟಡದ ಅಧಿಕಾರಿಗಳು ವರ್ಷವರ್ಷವೂ ಧರ್ಮಗ್ರಂಥವನ್ನು ಮುಟ್ಟಿ ಪ್ರಮಾಣ ಮಾಡಬೇಕಾಗಿದ್ದಿತು. ಕರಾರಿಗೆ ಇದಕ್ಕಿಂತ ಹೆಚ್ಚಿನ ಗೌರವವನ್ನು ಯಾರು ಕೊಟ್ಟಾರು?

ಆದರೆ ಒಂದು ತೊಡಕಿತ್ತು. ಅಷ್ಟು ದೊಡ್ಡ ಗುಮ್ಮಟವನ್ನು ಕಟ್ಟುವುದು ಹೇಗೆಂಬುದು ಪ್ರಮಾಣ ಮಾಡಿದವರಲ್ಲಿ ಯಾರಿಗೂ ತಿಳಿದಿರಲಿಲ್ಲ. ಕಮಾನು ಕಟ್ಟುವಾಗ ಗಾರೆ ಬಿಗಿಯುವವರೆಗೆ ಕೆಳಗಿನಿಂದ ಮರದ ಆಸರೆ ಕೊಡುವುದು ವಾಡಿಕೆ. ನಮ್ಮ ಮೇಸ್ತ್ರಿಗಳು ಅದನ್ನು ಸೆಂಟ್ರಿಂಗು ಎನ್ನುತ್ತಾರೆ. ಇಲ್ಲಿಯಾದರೋ ನೆಲದಿಂದ ಗುಮ್ಮಟದ ಬುಡಕ್ಕೇ ನೂರು ಅಡಿಗೂ ಮಿಕ್ಕಿದ ಎತ್ತರ. ಅಷ್ಟು ಆಸರೆಗೆ ಮರವನ್ನು ತರುವುದೆಲ್ಲಿಂದ, ನಿಲ್ಲಿಸುವುದು ಹೇಗೆ? 1418ರ ಆಗಸ್ಟಿನಲ್ಲಿ ಉಪಾಯ ಹೇಳಿದವರಿಗೆ 200 ಚಿನ್ನದ ಫ್ಲಾರಿನ್ ಬಹುಮಾನವೆಂದು ಸಾರಲಾಯಿತು. ಕಸುಬಿನಿಂದ ಅಕ್ಕಸಾಲಿಯಾಗಿದ್ದ ಫಿಲಿಪ್ಪೊ ಬ್ರುನೆಲೆಸ್ಕಿ ಎಂಬಾತ ಮುಂದೆ ಬಂದು, ನೆಲದಿಂದ ಆಸರೆಯಿಲ್ಲದೆಯೇ ಕಟ್ಟಬಹುದೆಂದನು. ಇವನಿಗೆ ಹುಚ್ಚು ಹಿಡಿದಿದೆಯೆಂದು ಸಭೆಯಿಂದ ಎತ್ತಿ ಹೊರಗೆ ಹಾಕಿದರೆಂದು ಅವನ ಜೀವನವನ್ನು ಬರೆದವರು ಹೇಳುತ್ತಾರೆ. ಕೊನೆಗೆ 1420ರ ಏಪ್ರಿಲಿನಲ್ಲಿ ಬ್ರುನೆಲೆಸ್ಕಿ, ಶಿಲ್ಪಿ ಲೊರೆಂಜೊ ಗಿಬೆರ್ತಿ, ಮೇಸ್ತ್ರಿ ಬತಿಸ್ತ ದಾಂತೋನಿಯೊ ಈ ಮೂವರ ವಶಕ್ಕೆ ಕೆಲಸವನ್ನು ಒಪ್ಪಿಸಲಾಯಿತು. ಆ ವರ್ಷದ ಬೇಸಗೆಯಲ್ಲಿ ಗುಮ್ಮಟವನ್ನು ಹೇಗೆ ಕಟ್ಟತಕ್ಕದ್ದೆಂಬುದನ್ನು ಹನ್ನೆರಡು ಕಲಮುಗಳಲ್ಲಿ ಬರೆಯಿಸಲಾಯಿತು. ಆಗಸ್ಟ್ 7ರಂದು ಕೆಲಸ ಆರಂಭವಾಯಿತು.

ಈ ಹನ್ನೆರಡು ಕಲಮುಗಳ ಲೇಖ್ಯ ಇಂದಿಗೂ ಉಳಿದಿದೆ. ಇದನ್ನು ಓದಿದರೆ ಬರೆದವರ ವಿವೇಕ ಎಷ್ಟೆಂಬುದು ಗೊತ್ತಾಗುತ್ತದೆ. ಗುಮ್ಮಟಕ್ಕೆ ಒಳಗೊಂದು, ಹೊರಗೊಂದು, ಹೀಗೆ ಎರಡು ಚಿಪ್ಪುಗಳು. ಒಳಚಿಪ್ಪಿನ ದಪ್ಪ ಬುಡದಲ್ಲಿ ಮೂರೂಮುಕ್ಕಾಲು ಬ್ರಾಚೊ, ತುದಿಯಲ್ಲಿ ಎರಡೂವರೆ. ಹೊರಚಿಪ್ಪು ಬುಡದಲ್ಲಿ ಒಂದೂಕಾಲು ಬ್ರಾಚೊ, ತುದಿಗೆ ಬರುತ್ತ ತೆಳುವಾಗತಕ್ಕದ್ದು. ಮೂಲೆಗಳಲ್ಲಿ ಎಂಟು, ಮುಖಗಳಲ್ಲಿ ಹದಿನಾರು, ಒಟ್ಟು ಇಪ್ಪತ್ತನಾಲ್ಕು ಪಕ್ಕೆಲುಬುಗಳು ಎರಡು ಚಿಪ್ಪುಗಳನ್ನೂ ಹಿಡಿದಿರತಕ್ಕದ್ದು. ಗುಮ್ಮಟ ಹೊರಕ್ಕೆ ಬಿರಿಯದಂತೆ ಕಲ್ಲಿನ ಹಾಗೂ ಮರದ ಸರಪಳಿಗಳು ಸುತ್ತುವರಿಯತಕ್ಕದ್ದು. 24 ಬ್ರಾಚೊ ಎತ್ತರದವರೆಗೆ ಕಲ್ಲು, ಅದರಿಂದ ಮೇಲಕ್ಕೆ ಇಟ್ಟಿಗೆ ಅಥವಾ ಹಗುರವಾದ ಕಲ್ಲು.

ಇಲ್ಲಿ ಎರಡು ಅಂಶಗಳನ್ನು ವಿಶೇಷವಾಗಿ ಗಮನಿಸಬೇಕು. ಮೊದಲನೆಯದು: ಹೊರಚಿಪ್ಪನ್ನು ಕಟ್ಟತಕ್ಕದ್ದೆಂದು ಹೇಳಿ ಲೇಖ್ಯವು ಸುಮ್ಮನಾಗುವುದಿಲ್ಲ. ಒಳಚಿಪ್ಪನ್ನು ತೇವದಿಂದ ಕಾಪಾಡುವುದಕ್ಕೂ ಗುಮ್ಮಟವು ಹೆಚ್ಚು ಭವ್ಯವಾಗಿ ಕಾಣುವುದಕ್ಕೂ ಅದು ಬೇಕೆಂದು ಕಾರಣವನ್ನೂ ಹೇಳುತ್ತದೆ. ಕಾರಣವನ್ನು ಹೇಳಿದ ಕರಾರು ಓದುಗನಿಗೆ ದೀಪವನ್ನು ಕೊಟ್ಟಂತೆ. ಅಳತೆಯೊಂದನ್ನು ಬದಲಾಯಿಸಬೇಕಾಗಿ ಬಂದಾಗ, ಬದಲಾವಣೆಯಿಂದ ಉದ್ದೇಶ ಕೆಡುವುದೋ ಉಳಿಯುವುದೋ ಎಂದು ಪರೀಕ್ಷಿಸಲು ಅವನಿಗೆ ಒಂದು ಒರೆಗಲ್ಲು ದೊರೆಯಿತು. ಎರಡನೆಯದು ಇನ್ನೂ ಆಶ್ಚರ್ಯಕರ. 30 ಬ್ರಾಚೊ ಎತ್ತರದವರೆಗೆ ಸೆಂಟ್ರಿಂಗು ಇಲ್ಲದೆ ಹೇಗೆ ಕಟ್ಟತಕ್ಕದ್ದೆಂದು ಹೇಳಿದ ಮೇಲೆ, ಅಲ್ಲಿಂದಾಚೆಗೆ ಆ ಕಾಲಕ್ಕೆ ಯುಕ್ತವೆಂದು ತೋರಿದಂತೆ ಮಾಡತಕ್ಕದ್ದೆಂದು ಲೇಖ್ಯ ತನ್ನ ಮಾತನ್ನು ಮುಗಿಸುತ್ತದೆ. ಮುಂದಿನ ಹೆಜ್ಜೆ ಯಾವುದೆಂಬುದನ್ನು ಕಟ್ಟುವ ಕೆಲಸವೇ ಕಲಿಸುತ್ತದೆ ಎಂಬುದು ಅದಕ್ಕೆ ಕೊಟ್ಟ ಸಮಾಧಾನ.

ಇದನ್ನು ಬೇಜವಾಬ್ದಾರಿ ಎನ್ನೋಣವೆ? ಹಾಗೆನ್ನಲಾಗದು. ತಿಳಿದುದಕ್ಕೆ ಅಳತೆಯನ್ನು ಬರೆದರು. ತಿಳಿಯದುದಕ್ಕೆ ಸುಳ್ಳು ಅಳತೆಯನ್ನು ಬರೆಯಲಿಲ್ಲ. ಎರಡರ ನಡುವಿನ ಗೆರೆ ಎಲ್ಲಿದೆಯೆಂಬುದನ್ನು ಮಾತ್ರ, 30 ಬ್ರಾಚೊ ಎಂದು, ಖಚಿತವಾಗಿ ಬರೆದರು. ಆ ಎತ್ತರದಿಂದ ಮೇಲಕ್ಕೆ ಗೋಡೆಗಳು ಒಳಕ್ಕೆ ಬಾಗುವುದು ಹೆಚ್ಚುತ್ತದೆ. ಹಸಿ ಗಾರೆಯ ಮೇಲೆ ಇಟ್ಟ ಇಟ್ಟಿಗೆ ಜಾರುವ ಭಯ ನಿಜವಾಗಿ ಆರಂಭವಾಗುವುದು ಅಲ್ಲಿಯೇ.

ಇನ್ನು ಬದಲಾವಣೆಗಳ ಕಥೆ. ಕೆಲಸ ಹಿಡಿದು ಎರಡು ವರ್ಷ ಕಳೆಯುವಷ್ಟರಲ್ಲಿ, 1422ರ ಮಾರ್ಚಿನಲ್ಲಿ, ಮೊದಲನೆಯ ತಿದ್ದುಪಡಿ ಬಂದಿತು. ಭಾರವನ್ನು ಇಳಿಸುವ ಉದ್ದೇಶದಿಂದ, 24 ಬ್ರಾಚೊಗೆ ಬದಲಾಗಿ 12 ಬ್ರಾಚೊ ಎತ್ತರದಿಂದಲೇ ಇಟ್ಟಿಗೆಯ ಕೆಲಸವನ್ನು ಆರಂಭಿಸಬೇಕೆಂದು ನಿರ್ಣಯವಾಯಿತು. ಮರದ ಸರಪಳಿಗೆ ಓಕ್ ಮರವನ್ನು ಹೇಳಿದ್ದರು. ಬಳಸಿದ್ದು ಚೆಸ್ಟ್‌ನಟ್ ಮರವನ್ನು. ಹೀಗೆ ಅಳತೆ ಬದಲಾಯಿತು, ಸಾಮಗ್ರಿ ಬದಲಾಯಿತು. ಬದಲಾಗದೆ ಉಳಿದದ್ದು ಗುಮ್ಮಟದ ಆಕಾರ ಮತ್ತು ಅದರ ಉದ್ದೇಶ.

ಆದರೆ ಬದಲಾವಣೆಯ ಬಾಗಿಲು ಒಮ್ಮೆ ತೆರೆಯಿತೆಂದರೆ ಸಂದೇಹವೂ ಅದೇ ಬಾಗಿಲಿನಿಂದ ಒಳಗೆ ಬರುತ್ತದೆ. ಗುಮ್ಮಟ 30 ಬ್ರಾಚೊವಿನ ಗೆರೆಯನ್ನು ಸಮೀಪಿಸುತ್ತಿದ್ದ ಕಾಲದಲ್ಲಿ ಜೊವಾನ್ನಿ ದ ಪ್ರಾತೊ ಎಂಬುವನು ಬ್ರುನೆಲೆಸ್ಕಿಯ ಮೇಲೆ ದೊಡ್ಡ ಆಕ್ಷೇಪಣೆಯನ್ನು ತಂದನು. ಈತ ಫ್ಲಾರೆನ್ಸಿನಲ್ಲಿ ದಾಂತೆಯ ಕಾವ್ಯವನ್ನು ಕುರಿತು ಉಪನ್ಯಾಸ ಮಾಡುತ್ತಿದ್ದವನು. ಎಂದರೆ ನನ್ನ ವೃತ್ತಿಬಾಂಧವನೇ. ಉಪನ್ಯಾಸಕರಿಗೆ ಬರೆದ ಅಕ್ಷರದ ಮೇಲೆ ಪ್ರೀತಿ ಹೆಚ್ಚು ಎಂಬುದನ್ನು ಶ್ರೋತೃಗಳು ಬಲ್ಲರು. ಹಿಂದಿನವರು ಅಂಗೀಕರಿಸಿದ ಬಾಗು ಒಂದು ಲೆಕ್ಕಕ್ಕೆ ಒಳಪಟ್ಟದ್ದು: ಅಡ್ಡಗಲವನ್ನು ಐದು ಪಾಲು ಮಾಡಿ, ನಾಲ್ಕು ಪಾಲಿನಷ್ಟು ಉದ್ದದ ದಾರದಿಂದ ಕಮಾನನ್ನು ಎಳೆಯುವುದು. ಬ್ರುನೆಲೆಸ್ಕಿ ಈ ನಿಯಮವನ್ನು ಮೀರಿದ್ದಾನೆ, ಕಟ್ಟಡಕ್ಕೆ ಅಪಾಯ ಕಾದಿದೆ, ಅಲ್ಲದೆ ಒಳಗೆ ಬೆಳಕು ಸಾಲದೆ ದೇವಾಲಯ ಕತ್ತಲೆಯಾಗುತ್ತದೆ ಎಂಬುದು ಪ್ರಾತೊವಿನ ವಾದ. ಚಿತ್ರಸಹಿತವಾಗಿ ಅವನು ಬರೆದ ಚರ್ಮಪತ್ರ ಫ್ಲಾರೆನ್ಸಿನ ಪತ್ರಾಗಾರದಲ್ಲಿ ಈಗಲೂ ಇದೆ. ಇಬ್ಬರೂ ಪದ್ಯಗಳನ್ನು ಕಟ್ಟಿ ಒಬ್ಬರನ್ನೊಬ್ಬರು ಹಳಿದುಕೊಂಡದ್ದೂ ಉಂಟು.

ಪ್ರಾತೊವನ್ನು ಬರಿಯ ಅಸೂಯಾಪರನೆಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಅವನು ಕೇಳಿದ ಪ್ರಶ್ನೆ ಯೋಗ್ಯವಾದುದು. ಪ್ರಮಾಣಪೂರ್ವಕವಾಗಿ ಅಂಗೀಕರಿಸಿದ ಮಾದರಿಯನ್ನು ಕಟ್ಟುವವನು ತನ್ನ ಮನಸ್ಸಿಗೆ ಬಂದಂತೆ ಬದಲಾಯಿಸಿದರೆ, ನಗರದ ಹಣಕ್ಕೂ ತಲೆಯ ಮೇಲೆ ಗುಮ್ಮಟವನ್ನು ಹೊತ್ತು ಪ್ರಾರ್ಥನೆಗೆ ಬರುವ ಜನರ ಪ್ರಾಣಕ್ಕೂ ಹೊಣೆ ಯಾರು? ಇಂಥ ಪ್ರಶ್ನೆಯನ್ನು ಕೇಳುವವನಿಲ್ಲದ ಕಟ್ಟಡದಲ್ಲಿ ಬದಲಾವಣೆಗೂ ಕಳ್ಳತನಕ್ಕೂ ಭೇದ ತಿಳಿಯದೆ ಹೋಗುತ್ತದೆ.

ಫ್ಲಾರೆನ್ಸಿನ ಅಧಿಕಾರಿಗಳು ಪ್ರಶ್ನೆಯನ್ನು ಮುಚ್ಚಿಡಲಿಲ್ಲ. ಬ್ರುನೆಲೆಸ್ಕಿಯ ಮಾತನ್ನು ಕಣ್ಣುಮುಚ್ಚಿ ನಂಬಲೂ ಇಲ್ಲ. 1426ರ ಆರಂಭದಲ್ಲಿ ಎರಡನೆಯ ತಿದ್ದುಪಡಿಯನ್ನು ಬರೆಯಿಸಿದರು. ಮೊದಲ ಲೇಖ್ಯ ಬಿಟ್ಟುಹೋಗಿದ್ದ ಸ್ಥಳವನ್ನು ಇದು ತುಂಬಿತು. ದೊಡ್ಡ ಇಟ್ಟಿಗೆಗಳನ್ನು ಮೀನಿನ ಮೂಳೆಯ ಮಾದರಿಯಲ್ಲಿ, ನಡುನಡುವೆ ನಿಲುವಾಗಿ ಜೋಡಿಸಿ ಕಟ್ಟುವ ಕ್ರಮವನ್ನು ಇಲ್ಲಿ ಹೇಳಿದೆ. 1420ರ ಕಲಮುಗಳಲ್ಲಿ ಈ ಮಾತೇ ಇರಲಿಲ್ಲ. ನಿಲುವಾದ ಇಟ್ಟಿಗೆಗಳು ಅಡ್ಡಲಾದವನ್ನು ಜಾರದಂತೆ ತಡೆಯುತ್ತವೆ. ಸುತ್ತು ಪೂರ್ತಿಯಾದೊಡನೆ ಆ ವರಸೆ ತನ್ನ ಭಾರವನ್ನು ತಾನೇ ಹೊರುತ್ತದೆ. ಐದಾರು ವರ್ಷ ಇಟ್ಟಿಗೆಯೊಡನೆ ಹೆಣಗಿದ ಕೈಗಳು ಬರೆದ ಕಲಮು ಅದು. ಬೆಳಕಿನ ವಿಷಯಕ್ಕೂ ಉತ್ತರ ಹೇಳಿದರು: ಕೆಳಗಿನ ಎಂಟು ದುಂಡು ಕಿಟಕಿಗಳಿಂದ ಬರುವ ಬೆಳಕು ಸಾಕೆಂದು ತೋರುತ್ತದೆ, ಸಾಲದಿದ್ದರೆ ಆಮೇಲೆ ಮೇಲ್ಭಾಗದಲ್ಲಿ ಅನುಕೂಲ ಮಾಡಿಕೊಳ್ಳಬಹುದು. ಬಾಗಿನ ವಿಚಾರದಲ್ಲಿ ಕಾಲವೇ ತೀರ್ಪು ಕೊಟ್ಟಿತು. ಇತ್ತೀಚಿನ ಅಳತೆಗಳ ಪ್ರಕಾರ ಮೂಲೆಯ ಪಕ್ಕೆಲುಬುಗಳು ಆ ಐದನೆಯ ಪಾಲಿನ ನಿಯಮವನ್ನು ಬಹುಮಟ್ಟಿಗೆ ಅನುಸರಿಸಿವೆ. ಕಟ್ಟುವ ವಿಧಾನವನ್ನು ಅಷ್ಟೊಂದು ಬದಲಾಯಿಸಿದವನು ಆಕಾರದ ವಿಷಯದಲ್ಲಿ ತಾತಂದಿರ ಮಾತನ್ನು ಉಳಿಸಿದ್ದನು.

ಇದೇ ಬ್ರುನೆಲೆಸ್ಕಿಯ ಜೀವನದಲ್ಲಿ ಇದಕ್ಕೆ ವಿರುದ್ಧವಾದ ಕರಾರೊಂದೂ ಉಂಟು. 1421ರಲ್ಲಿ ತಾನು ಕಲ್ಪಿಸಿದ ಸರಕುದೋಣಿಗೆ ಅವನು ನಗರದಿಂದ ಮೂರು ವರ್ಷದ ಏಕಸ್ವಾಮ್ಯವನ್ನು ಪಡೆದನು. ಮುಂದೆ, ಪೀಸಾದಿಂದ ಗುಮ್ಮಟದ ಕೆಲಸಕ್ಕೆ ಬಿಳಿಯ ಅಮೃತಶಿಲೆಯನ್ನು ವಾಡಿಕೆಗಿಂತ ಕಡಿಮೆ ಬೆಲೆಗೆ ತಂದುಕೊಡುವುದಾಗಿ ಒಪ್ಪಿಕೊಂಡನು. 1428ರಲ್ಲಿ ದೋಣಿ ಕೈಕೊಟ್ಟಿತು, ಕಲ್ಲು ನೀರುಪಾಲಾಯಿತು, ನಷ್ಟ ಅವನ ತಲೆಯ ಮೇಲೆ ಬಿದ್ದಿತು. ಗುಮ್ಮಟದ ಲೇಖ್ಯದಲ್ಲಿ, ನಮಗೆ ತಿಳಿಯದುದು ಇಷ್ಟಿದೆ ಎಂದು ಎರಡು ಪಕ್ಷದವರೂ ಒಪ್ಪಿಕೊಂಡಿದ್ದರು. ದೋಣಿಯ ಕರಾರಿನಲ್ಲಿ ತಿಳಿಯದುದೆಲ್ಲವೂ ಒಂದು ಬೆಲೆಯ ಅಂಕಿಯೊಳಗೆ ಅಡಗಿ ಕುಳಿತಿತ್ತು. ಮನುಷ್ಯ ಒಬ್ಬನೇ, ಪ್ರತಿಭೆಯೂ ಒಂದೇ. ಕಾಗದಗಳ ಗುಣ ಮಾತ್ರ ಬೇರೆಯಾಗಿದ್ದಿತು.

1436ರ ಮಾರ್ಚ್ 25ರಂದು ಪೋಪ್ ನಾಲ್ಕನೆಯ ಯೂಜೀನಿಯಸ್ ದೇವಾಲಯದ ಪ್ರತಿಷ್ಠೆಯನ್ನು ನೆರವೇರಿಸಿದನು. ಅದೇ ವರ್ಷ ಗುಮ್ಮಟವೂ ಪೂರ್ಣಗೊಂಡಿತು. ಶಿಖರದ ಮಂಟಪ ಮುಗಿಯುವುದನ್ನು ನೋಡದೆ ಬ್ರುನೆಲೆಸ್ಕಿ 1446ರಲ್ಲಿ ತೀರಿಕೊಂಡನು. ನಲವತ್ತು ಲಕ್ಷಕ್ಕೂ ಹೆಚ್ಚು ಇಟ್ಟಿಗೆಗಳ ಆ ಗುಮ್ಮಟ ಇಂದಿಗೂ ನಿಂತಿದೆ.

ಈ ಕಥೆಯಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಕರಾರನ್ನು ತಿದ್ದುವುದು ಕರಾರನ್ನು ಮುರಿದಂತಲ್ಲ. ಬಾಯಿಮಾತಿನಲ್ಲಿ, ಮಬ್ಬಿನಲ್ಲಿ, ಒಬ್ಬನ ಅನುಕೂಲಕ್ಕಾಗಿ ತಿದ್ದಿದರೆ ಅದು ಮುರಿದಂತೆ. ಎಲ್ಲರ ಮುಂದೆ, ಕಾರಣವನ್ನು ಹೇಳಿ, ಬರಹದಲ್ಲಿ ತಿದ್ದಿದರೆ ಅದು ಕರಾರಿನ ಮುಂದಿನ ಪುಟ. ಆಕ್ಷೇಪಿಸುವ ಪ್ರಾತೊವೂ ಬೇಕು, ಕಟ್ಟಿ ತೋರಿಸುವ ಬ್ರುನೆಲೆಸ್ಕಿಯೂ ಬೇಕು. ಇಬ್ಬರ ಮಾತನ್ನೂ ಕೇಳಿ ಬರೆಯಿಸುವ ಅಧಿಕಾರಿಗಳು ಎಲ್ಲಕ್ಕಿಂತ ಹೆಚ್ಚಾಗಿ ಬೇಕು. ಮನೆ ಕಟ್ಟಿಸಲು ಹೊರಟ ಶ್ರೋತೃಗಳು ಯಾರಾದರೂ ಇದ್ದರೆ, ಕರಾರಿನ ಕಾಗದಕ್ಕೆ ರುಜು ಹಾಕುವ ಮುನ್ನ ಒಂದು ಪ್ರಶ್ನೆಯನ್ನು ಕೇಳಿಕೊಳ್ಳಬಹುದು: ನಮ್ಮ 30 ಬ್ರಾಚೊವಿನ ಗೆರೆ ಎಲ್ಲಿದೆ? ಆ ಗೆರೆಯನ್ನು ಮುಟ್ಟಿದ ದಿನ ಯಾರು ಯಾರು ಕೂತು ಮಾತನಾಡತಕ್ಕದ್ದು ಎಂಬುದನ್ನೂ ಅದೇ ಕಾಗದದಲ್ಲಿ ಬರೆದಿಟ್ಟರೆ, ಗೋಡೆ ಮಳೆಯಲ್ಲಿ ನೆನೆಯುವುದು ತಪ್ಪೀತು.