ಅಮ್ಮನ ಬೆಂಬಲಿಗರ ಲೆಕ್ಕ

ವಡಪಳನಿ ಎಂದರೆ ಮುರುಗನ್ ಗುಡಿ, ಜೊತೆಗೆ ಸ್ಟುಡಿಯೋಗಳು. ರಾಜ್‌ಕುಮಾರ್ ಅವರ ‘ಬೇಡರ ಕಣ್ಣಪ್ಪ’ (1954) ಇಲ್ಲಿನ ಎವಿಎಂ ಸಹಯೋಗದಲ್ಲಿ ತಯಾರಾಯಿತು. ಎಂ.ಜಿ.ಆರ್. ಅವರ ‘ಎಂಗ ವೀಟ್ಟುಪ್ ಪಿಳ್ಳೈ’ (1965) ವಿಜಯಾ-ವಾಹಿನಿಯ ನಾಗಿರೆಡ್ಡಿಯವರದು. ಇಂಥ ಊರಿಗೆ ಕೆಲಸಕ್ಕೆಂದು ಬಂದ ನಾವು ಬೇಗ ಕಲಿಯುವ ಒಂದು ಮಾತಿದೆ: “ಇವರಿಗೆ ಸಿನಿಮಾ ಹುಚ್ಚು, ನಾಯಕರು ಏನು ಮಾಡಿದರೂ ಬಿಡುವುದಿಲ್ಲ.” ಜಯಲಲಿತಾ ಅವರ ಚರಿತ್ರೆ ಈ ಮಾತನ್ನು ಒಪ್ಪುವುದಿಲ್ಲ.

ಮೇಲುಕೋಟೆಯಲ್ಲಿ 1948ರಲ್ಲಿ ಹುಟ್ಟಿ, ಬಿ.ಆರ್. ಪಂತುಲು ಅವರ ‘ಚಿನ್ನದ ಗೊಂಬೆ’ಯಲ್ಲಿ (1964) ನಟಿಸಿದ ಆಕೆ 1991ರಲ್ಲಿ ಮುಖ್ಯಮಂತ್ರಿಯಾದರು. ತಿಂಗಳಿಗೆ ಒಂದು ರೂಪಾಯಿ ಸಂಬಳ ಸಾಕು ಎಂದರು. ಆದರೆ 1995ರ ಸಾಕುಮಗನ ಮದುವೆಯ ವೈಭವ ಇಡೀ ರಾಜ್ಯ ನೋಡಿತು. 1996ರ ಚುನಾವಣೆಯಲ್ಲಿ ಪಕ್ಷಕ್ಕೆ ಸಿಕ್ಕಿದ್ದು ನಾಲ್ಕೇ ಸ್ಥಾನ. ಬರ್ಗೂರಿನಲ್ಲಿ ಸ್ವತಃ ಆಕೆಯೇ ಸೋತರು. ಬೆಂಬಲ ಕುರುಡಾಗಿದ್ದರೆ ಹೀಗಾಗುತ್ತಿರಲಿಲ್ಲ.

ಆದರೂ ಆ ಸೋಲಿನಲ್ಲಿ ಸುಮಾರು ಐದರಲ್ಲೊಂದು ಪಾಲು ಮತ ಉಳಿಯಿತು. ಎಂ.ಜಿ.ಆರ್. 1972ರಲ್ಲಿ ಕಟ್ಟಿದ ಪಕ್ಷದ ಎರಡೆಲೆಗೆ ಮತ ಹಾಕುವುದು ಆ ಮನೆಗಳಲ್ಲಿ ರೂಢಿಯಾಗಿತ್ತು. 1989ರಲ್ಲಿ ವಿಧಾನಸಭೆಯೊಳಗೆ ತನ್ನ ಸೀರೆ ಎಳೆಯಲಾಯಿತೆಂದು ಆಕೆ ಹೇಳಿದ್ದನ್ನು ಎದುರು ಪಕ್ಷ ಒಪ್ಪಲಿಲ್ಲ, ಬೆಂಬಲಿಗರು ಮರೆಯಲಿಲ್ಲ. ಗಂಡಸರ ಸಭೆಯಲ್ಲಿ ಒಬ್ಬಳೇ ನಿಂತವಳೆಂಬ ಚಿತ್ರ ಆಗಲೇ ಮೂಡಿತ್ತು. ಮುಂದಿನ ಆರೋಪಗಳನ್ನೂ ಅವರು ಅದೇ ಕನ್ನಡಕದಿಂದ ನೋಡಿದರು.

ಎರಡನೆಯದು ಅಡುಗೆಮನೆಯ ಲೆಕ್ಕ. 1982ರಲ್ಲಿ ಎಂ.ಜಿ.ಆರ್. ವಿಸ್ತರಿಸಿದ ಮಕ್ಕಳ ಪೌಷ್ಟಿಕ ಊಟ, 2011ರ ನಂತರ ಉಚಿತ ಮಿಕ್ಸಿ, ಗ್ರೈಂಡರ್, ಫ್ಯಾನು, 2013ರಲ್ಲಿ ಒಂದು ರೂಪಾಯಿಗೆ ಇಡ್ಲಿ ಕೊಟ್ಟ ಅಮ್ಮ ಉಣವಗಂ. ಖರ್ಚು ಸರ್ಕಾರದ್ದೇ, ಆದರೆ ಹೆಸರು ಅಮ್ಮನದು. ಹಾಗಾಗಿ ಅದು ಹಕ್ಕಿಗಿಂತ ಋಣವಾಗಿ ಉಳಿಯಿತು. ಋಣವಿಟ್ಟುಕೊಂಡವರು ಆರೋಪಗಳನ್ನು ಕೇಳಿಸಿಕೊಳ್ಳಲಿಲ್ಲವೆಂದಲ್ಲ. “ಎಲ್ಲರೂ ತಿನ್ನುತ್ತಾರೆ, ಈಕೆ ನಮಗೂ ಕೊಟ್ಟಳು” ಎಂದು ತೂಗಿ ನೋಡಿದರು.

ಮೂರನೆಯದು ನಮಗೆ ಹತ್ತಿರದ್ದು. ಅಕ್ರಮ ಆಸ್ತಿ ಪ್ರಕರಣವನ್ನು ಸುಪ್ರೀಂ ಕೋರ್ಟ್ 2003ರಲ್ಲಿ ಬೆಂಗಳೂರಿಗೆ ವರ್ಗಾಯಿಸಿತ್ತು. ಅಲ್ಲಿನ ವಿಶೇಷ ನ್ಯಾಯಾಧೀಶ ಜಾನ್ ಮೈಕೆಲ್ ಡಿ’ಕುನ್ಹ 27 ಸೆಪ್ಟೆಂಬರ್ 2014ರಂದು ನಾಲ್ಕು ವರ್ಷ ಜೈಲು, 100 ಕೋಟಿ ರೂಪಾಯಿ ದಂಡ ವಿಧಿಸಿದರು. ಕಾವೇರಿ ಐತೀರ್ಪು ಗೆಜೆಟ್ ಸೇರಿ ಇನ್ನೂ ಎರಡು ವರ್ಷವಾಗಿರಲಿಲ್ಲ. ಇದು ಕರ್ನಾಟಕದ ಸೇಡು ಎಂದು ಕೆಲವು ಬೆಂಬಲಿಗರು ಕೂಗಿದರು. ಮೇಲುಕೋಟೆಯಲ್ಲಿ ಹುಟ್ಟಿದವಳಿಗೆ ಕನ್ನಡನಾಡಿನ ಕೋರ್ಟು ಶಿಕ್ಷೆ ಕೊಟ್ಟಿತ್ತು. ಆ ಸಿಟ್ಟಿಗೆ ಸುಲಭವಾಗಿ ಸಿಗುವವರು ಇಲ್ಲಿ ದುಡಿಯುವ ಕನ್ನಡಿಗರಾಗಿದ್ದರು. ನಾಯಕಿಯ ಮೇಲಿನ ಕೇಸು ಜನಾಂಗದ ಅವಮಾನವಾಗಿ ಬದಲಾದ ಮೇಲೆ ಸಾಕ್ಷ್ಯವನ್ನು ಓದುವವರು ಯಾರು?

11 ಮೇ 2015ರಂದು ಕರ್ನಾಟಕ ಹೈಕೋರ್ಟ್ ಖುಲಾಸೆ ಮಾಡಿತು. 2016ರಲ್ಲಿ ಆಕೆ ಮತ್ತೆ ಗೆದ್ದರು, ಡಿಸೆಂಬರ್‌ನಲ್ಲಿ ತೀರಿಕೊಂಡರು. ಎರಡು ತಿಂಗಳ ಬಳಿಕ ಸುಪ್ರೀಂ ಕೋರ್ಟ್ ವಿಚಾರಣಾ ಕೋರ್ಟಿನ ತೀರ್ಪನ್ನೇ ಎತ್ತಿಹಿಡಿಯಿತು. ಉಳಿದ ಆರೋಪಿಗಳು ಜೈಲಿಗೆ ಹೋದರು.

ಹೀಗಾಗಿ ಮತ ಗೆದ್ದಿತೆಂದು ಆರೋಪ ಸುಳ್ಳಾಗಲಿಲ್ಲ, ಆರೋಪ ನಿಂತಿತೆಂದು ಮತ ಹಾಕಿದವರು ಮೂರ್ಖರಾಗಲಿಲ್ಲ. ನಮ್ಮೂರಿನ ನಾಯಕರ ಕೇಸುಗಳು ಬಂದಾಗ ‘ಅವರು ನಮ್ಮವರು’ ಎನ್ನುವ ನಾವೂ ಇದೇ ಲೆಕ್ಕ ಹಾಕುತ್ತೇವೆ. ಬೆಂಬಲ ಕದಲುವುದು ಬೈಗುಳದಿಂದಲ್ಲ. 1996ರಲ್ಲಿ ಆದಂತೆ, ಕೊಟ್ಟದ್ದಕ್ಕಿಂತ ಕಸಿದದ್ದು ದೊಡ್ಡದೆಂದು ಅವರ ಕಣ್ಣಿಗೇ ಕಂಡಾಗ.