ಭೋಸಲೆ ಎಂಬ ಹೆಸರಿನ ಜಾಡು ಹಿಡಿದು

ವೇರೂಳಿಗೆ ಹೋದ ಕನ್ನಡಿಗರು ಕೈಲಾಸ ದೇವಾಲಯ ನೋಡುತ್ತಾರೆ, ಅದನ್ನು ಕಡೆಸಿದ ರಾಷ್ಟ್ರಕೂಟ ಒಂದನೇ ಕೃಷ್ಣ ನಮ್ಮವನೆಂದು ಬೀಗುತ್ತಾರೆ, ವಾಪಸಾಗುತ್ತಾರೆ. ಮೊದಲ ಸಲ ನಾನೂ ಹಾಗೇ ಮಾಡಿದ್ದೆ. ಎರಡನೇ ಸಲ ಘೃಷ್ಣೇಶ್ವರಕ್ಕೆ ಕೈಮುಗಿದು ಊರೊಳಗೆ ನಡೆದಾಗ ಮಾಲೋಜಿ ಭೋಸಲೆಯ ಗಢಿಯ ಅವಶೇಷ ಕಂಡಿತು. ಮಾಲೋಜಿ ಈ ಊರಿನ ಪಾಟೀಲ, ಅಹಮದ್‌ನಗರದ ನಿಜಾಮಶಾಹಿಯ ಸರದಾರ, ಶಿವಾಜಿಯ ಅಜ್ಜ. ಘೃಷ್ಣೇಶ್ವರ ಗುಡಿಯನ್ನು ಜೀರ್ಣೋದ್ಧಾರ ಮಾಡಿಸಿದವನೂ ಅವನೇ. ಅವನಿಂದ ಹಿಂದಕ್ಕೆ ಹೋದಂತೆ ದಾರಿ ಮಸುಕಾಗುತ್ತದೆ. 'ಭೋಸಲೆ' ಎಂಬ ಹೆಸರು ಎಲ್ಲಿಂದ ಬಂತು?

1674ರಲ್ಲಿ ರಾಯಗಡದಲ್ಲಿ ಶಿವಾಜಿಯ ಪಟ್ಟಾಭಿಷೇಕ ನಡೆಯಬೇಕಾದಾಗ ಈ ಪ್ರಶ್ನೆಗೆ ಉತ್ತರ ಬೇಕಾಯಿತು. ವೈದಿಕ ವಿಧಿಯಿಂದ ಪಟ್ಟ ಕಟ್ಟಬೇಕಾದರೆ ಕ್ಷತ್ರಿಯನಾಗಿರಬೇಕು ಎಂಬ ಆಕ್ಷೇಪವಿತ್ತು. ಆಗ ಭೋಸಲೆಗಳು ಮೇವಾಡದ ಸಿಸೋದಿಯಾ ರಜಪೂತರ ಶಾಖೆ ಎಂಬ ವಂಶಾವಳಿ ಮುಂದೆ ಬಂತು. ಕಾಶಿಯ ಗಾಗಾಭಟ್ಟರು ಅದನ್ನು ಒಪ್ಪಿ ಪಟ್ಟಾಭಿಷೇಕ ನಡೆಸಿಕೊಟ್ಟರು. ಜದುನಾಥ ಸರ್ಕಾರ್ ಅವರಂಥ ಇತಿಹಾಸಕಾರರು ಈ ವಂಶಾವಳಿಯನ್ನು ನಂಬಲಿಲ್ಲ.

ನಮ್ಮ ಕಡೆಯ ಕಥೆ ಬೇರೆ. ಮರಾಠಿ ಸಂಶೋಧಕ ರಾ. ಚಿಂ. ಢೇರೆ ಅವರು ಭೋಸಲೆಗಳ ಕುಲದೈವವಾದ ಶಿಖರ ಶಿಂಗಣಾಪುರದ ಶಂಭು ಮಹಾದೇವನ ಬೆನ್ನುಹತ್ತಿ ಗದಗ ಸೀಮೆಯ ಸೊರಟೂರಿಗೆ ಬಂದು ಮುಟ್ಟಿದರು. ಅಲ್ಲಿಂದ ಹೋದ ಬಳಿಯಪ್ಪನೇ ಭೋಸಲೆಗಳ ಮೂಲಪುರುಷ, 'ಹೊಯ್ಸಳ'ವೇ 'ಭೋಸಲೆ' ಆಯಿತು ಎಂಬುದು ಅವರ ವಾದ. ಹೊಯ್ಸಳ ವೀರಬಲ್ಲಾಳ ಸೇವುಣರ ಭಿಲ್ಲಮನನ್ನು ಸೋಲಿಸಿದ್ದೂ ಇದೇ ಸೊರಟೂರಿನಲ್ಲಿ.

ಇದನ್ನು ಓದಿದಾಗ ನನಗೂ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಸಿಸೋದಿಯಾ ಕಥೆಗೆ ಕೇಳುವ ಪುರಾವೆಯನ್ನು ಹೊಯ್ಸಳ ಕಥೆಗೂ ಕೇಳಬೇಕಲ್ಲವೇ? ಹೆಸರಿನ ಸದ್ದು ಹೋಲಿದ ಮಾತ್ರಕ್ಕೆ ರಕ್ತಸಂಬಂಧ ಸಿದ್ಧವಾಗುವುದಿಲ್ಲ. ದೇವರನ್ನು ಹೊತ್ತು ವಲಸೆ ಹೋದವರ ಜಾಡನ್ನು ಢೇರೆ ಚೆನ್ನಾಗಿ ಹಿಡಿದಿದ್ದಾರೆ. ಆದರೆ ಸೊರಟೂರಿನಿಂದ ಮಾಲೋಜಿಯವರೆಗಿನ ತಲೆಮಾರುಗಳ ನಡುವೆ ತುಂಬದ ಖಾಲಿ ಜಾಗವಿದೆ.

ಮುಧೋಳದ ಘೋರ್ಪಡೆ ಮನೆತನವೂ ತಾನು ಇದೇ ಸಿಸೋದಿಯಾ ಕವಲೆನ್ನುತ್ತದೆ. ಘೋರ್ಪಡ್ ಎಂದರೆ ಮರಾಠಿಯಲ್ಲಿ ಉಡ. ಬಹಮನಿಗಳ ಕಾಲದಲ್ಲಿ ಇವರ ಪೂರ್ವಿಕರು ಉಡಕ್ಕೆ ಹಗ್ಗ ಕಟ್ಟಿ ಖೇಳಣಾ ಕೋಟೆ ಹತ್ತಿದರು, ಅದರಿಂದ ಈ ಹೆಸರು ಬಂತು ಎಂಬುದು ಐತಿಹ್ಯ. ಆದರೆ 1648ರಲ್ಲಿ ಶಹಾಜಿಯನ್ನು ಸೆರೆಹಿಡಿಯುವುದಕ್ಕೆ ಕೈಹಾಕಿದವನು ಇದೇ ಮುಧೋಳದ ಬಾಜಿ ಘೋರ್ಪಡೆ! ಅತ್ತ ತಂಜಾವೂರಿನ ಭೋಸಲೆಗಳು ತಮ್ಮ ವಂಶಚರಿತ್ರೆಯನ್ನು ಬೃಹದೀಶ್ವರ ಗುಡಿಯ ಗೋಡೆಯ ಮೇಲೆ ಮರಾಠಿಯಲ್ಲಿ ಕೆತ್ತಿಸಿದ್ದು 1803ರಲ್ಲಿ. ಅದಕ್ಕೆ ನಾಲ್ಕು ವರ್ಷ ಮೊದಲೇ ರಾಜ್ಯಾಡಳಿತ ಕಂಪನಿಯ ಪಾಲಾಗಿತ್ತು.

ಪಟ್ಟ ಏರುವಾಗ ಒಬ್ಬರು, ಅಧಿಕಾರ ಕಳೆದುಕೊಂಡ ಮೇಲೆ ಇನ್ನೊಬ್ಬರು ವಂಶಾವಳಿ ಬರೆಸಿದರು. ಸಾಮಾನ್ಯರಿಗೂ ಯಾರಾದರೂ ಕೇಳಿದಾಗಲೇ ಅಡ್ಡಹೆಸರು ಬೇಕಾಗುತ್ತದೆ. ವೇಲ್ಸ್‌ನಲ್ಲಿ 'ಆಪ್ ರೀಸ್' ಎಂದರೆ ರೀಸನ ಮಗ ಎಂದಷ್ಟೇ ಅರ್ಥ. ಇಂಗ್ಲಿಷ್ ಆಡಳಿತದ ಕಾಗದಪತ್ರಗಳಲ್ಲಿ ಅದು 'ಪ್ರೈಸ್' ಎಂಬ ಕಾಯಂ ಅಡ್ಡಹೆಸರಾಯಿತು. ನನ್ನ ಪಾಸ್‌ಪೋರ್ಟಿನಲ್ಲೂ ಅಡ್ಡಹೆಸರಿನ ಜಾಗದಲ್ಲಿ ಅಪ್ಪನ ಹೆಸರಿದೆ. ನಮ್ಮ ಮನೆಯಲ್ಲಿ ಅಡ್ಡಹೆಸರೇ ಇರಲಿಲ್ಲ, ಅರ್ಜಿ ಕೇಳಿತು, ಕೊಟ್ಟೆವು. ನಾಸಿಕದ ತೀರ್ಥಪುರೋಹಿತರು ಯಾತ್ರಿಕರ ವಂಶದ ವಹಿಗಳನ್ನು ತಲೆಮಾರುಗಳಿಂದ ಇಟ್ಟುಕೊಂಡಿದ್ದಾರೆ. ಅಲ್ಲಿಯೂ ಮೊದಲು ಕೇಳುವುದು ಊರು ಮತ್ತು ಅಡ್ಡಹೆಸರು.

ಶಹಾಜಿಯ ವಿಷಯದಲ್ಲಿ ಗಟ್ಟಿಯಾಗಿ ಹೇಳಬಹುದಾದದ್ದು ಅವನ ಓಡಾಟ. ವೇರೂಳಿನ ಪಾಟೀಲರ ಮಗ 1638ರ ನಂತರ ಬೆಂಗಳೂರನ್ನು ಜಹಗೀರಾಗಿ ಪಡೆದ. 1664ರಲ್ಲಿ ಚನ್ನಗಿರಿ ಬಳಿಯ ಹೊದಿಗೆರೆಯಲ್ಲಿ ಬೇಟೆಯಾಡುವಾಗ ಕುದುರೆಯಿಂದ ಬಿದ್ದು ಸತ್ತ. ಅವನ ಸಮಾಧಿ ಇಂದಿಗೂ ಅಲ್ಲಿದೆ. ಅವನ ಮೂಲ ಯಾರದೆಂದು ಎರಡೂ ರಾಜ್ಯದವರು ಜಗಳವಾಡಬಹುದು. ಅವನು ಬದುಕಿದ್ದು ಮಾತ್ರ ಎರಡೂ ಕಡೆ.

ಮುಂದಿನ ಸಲ ಊರಿಗೆ ಹೋಗುವಾಗ ಹೊದಿಗೆರೆಗೆ ಹೋಗಬೇಕೆಂದಿದ್ದೇನೆ.